ಮೊಟ್ಟೆಯ ಮೇಲಿಟ್ಟ ಕಾಲು

ಏಪ್ರಿಲ್ ೭, ಸೋಮವಾರ

ರಕ್ತದೊತ್ತಡ ನೋಡಿದ ಡಾಕ್ಟರು ಹೊಸ ಔಷಧ ಹೇಳಿದ್ದಾರೆ. ಸಿಟ್ಟು ಬಂದಾಗ ಬಾಯಿಬಿಡುವ ಬದಲು ಒಂದು ಪುಸ್ತಕದಲ್ಲಿ ಬರೆಯಬೇಕಂತೆ. ಓದಿದವರ ಬುದ್ಧಿ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಬಾಯಿಬಿಡದೆ ಕೂತರೆ ಕಲಿಯುವವರು ಗಾಡಿಯನ್ನು ಮೋರಿಗೆ ಇಳಿಸುತ್ತಾರೆ, ಆಮೇಲೆ ಇವರ ಹತ್ತಿರವೇ ಪಟ್ಟಿ ಕಟ್ಟಿಸಿಕೊಳ್ಳಲು ಬರಬೇಕು. ಆದರೂ ಬರೆಯುತ್ತಿದ್ದೇನೆ. ಮನೆಯವಳು ಮಾತ್ರೆಯ ಜೊತೆಗೆ ಪುಸ್ತಕ, ಪೆನ್ನು ಎರಡನ್ನೂ ಮೇಜಿನ ಮೇಲಿಟ್ಟು ಎದುರಿಗೇ ಕೂತಿದ್ದಾಳೆ.

ಇವತ್ತಿನ ಸಿಟ್ಟಿಗೆ ಕಾರಣ ಅಕ್ಕ. ಭಾವ ಶಾಲೆಯ ಮಕ್ಕಳ ವ್ಯಾನು ಓಡಿಸುವವರು. ಈಚೆಗೆ ಕಣ್ಣಿನ ನರ ಸೋಲುತ್ತಾ ಬಂತು. ಒಂದು ಬೆಳಿಗ್ಗೆ ಶಾಲೆಯ ಗೇಟಿನ ಕಂಬ ಕಾಣಲಿಲ್ಲವೆಂದು, ಯಾರೂ ಹೇಳುವ ಮೊದಲೇ, ವ್ಯಾನಿನ ಬೀಗದ ಕೈ ತಂದು ಗೋಡೆಯ ಮೊಳೆಗೆ ಹಾಕಿ ಕೂತುಬಿಟ್ಟರು. ಮರ್ಯಾದಸ್ಥ ಮನುಷ್ಯ, ಅದು ಬೇರೆ ಮಾತು. ಆದರೆ ಅವರ ಮನೆಯ ಒಲೆ ಉರಿಯುವುದೇ ಆ ವ್ಯಾನಿನಿಂದ. ಅಕ್ಕನ ಹೊಲಿಗೆ ಉಪ್ಪು-ಸೋಪಿಗೆ ಆದರೆ ಹೆಚ್ಚು. ಹೆಡ್‌ಮಿಸ್ಸು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಾರೆ: ರಜ ಮುಗಿಯುವುದರೊಳಗೆ ಮನೆಯವರೇ ಯಾರಾದರೂ ಲೈಸೆನ್ಸ್ ತೋರಿಸಿದರೆ ಮಕ್ಕಳು ನಿಮ್ಮ ವ್ಯಾನಿನಲ್ಲೇ, ಇಲ್ಲವಾದರೆ ಬೇರೆ ವ್ಯಾನಿಗೆ. ಬಾಡಿಗೆ ಡ್ರೈವರ್ ಬೇಡವೆಂದು ತಾಯಂದಿರ ಹಟ.

ಮನೆಯವರು ಅಂದರೆ ಯಾರಿದ್ದಾರೆ? ಮಕ್ಕಳಿಲ್ಲ. ಉಳಿದದ್ದು ಅಕ್ಕ ಒಬ್ಬಳೇ. ಐವತ್ತೈದು ದಾಟಿದ ಹೆಂಗಸು ನನ್ನ ಸ್ಕೂಲಿನ ಬಾಗಿಲಿಗೆ ಬಂದು, ಎಲ್ಲರ ಎದುರಿಗೆ, "ಪುಟ್ಟೂ, ನಂಗೂ ಕಾರು ಕಲಿಸೋ" ಅಂದಳು. ಕಲಿಯುವವರ ಲೈಸೆನ್ಸನ್ನು ಹೋದ ತಿಂಗಳೇ ಮಾಡಿಸಿಟ್ಟಿದ್ದಾಳಂತೆ. ಅರ್ಧ ತಲೆ ನೆರೆತ ಗಂಡಸನ್ನು ಪುಟ್ಟು ಅನ್ನುತ್ತಾಳೆ. ಕಲಿಯಲು ಬರುವ ಬ್ಯಾಂಕ್ ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಏಪ್ರಿಲ್ ೯, ಬುಧವಾರ

ಮೊದಲ ಪಾಠ. ಅಕ್ಕ ಚಪ್ಪಲಿ ಕಳಚಿ ಬಾಗಿಲ ಹೊರಗೆ ಬಿಟ್ಟು ಹತ್ತಿದಳು. ಇದು ಕಾರು, ಅಡುಗೆಮನೆಯಲ್ಲ ಅಂದೆ. "ಮಿಷನ್ ಮುಂದೆ ಹೀಗೇ ಕೂತು ಅಭ್ಯಾಸ ಕಣೋ. ಬರಿಗಾಲಲ್ಲಿ ಪೆಡಲ್ ಚೆನ್ನಾಗಿ ತಿಳಿಯುತ್ತೆ" ಅಂದಳು. ಹೊಲಿಗೆ ಮಿಷನ್ನಿಗೂ ಕಾರಿಗೂ ವ್ಯತ್ಯಾಸ ಗೊತ್ತಿಲ್ಲದವರನ್ನೆಲ್ಲ ರಸ್ತೆಗೆ ಇಳಿಸುವುದು ನನ್ನ ಹಣೆಬರಹ.

ನನ್ನ ಪಾಠ ಮೊದಲಿನಿಂದಲೂ ಒಂದೇ. ಆಕ್ಸಿಲರೇಟರ್ ಕೆಳಗೆ ಹಸಿ ಮೊಟ್ಟೆ ಇದೆ ಅಂದುಕೋ. ಕಾಲು ತಾಗಬೇಕು, ಮೊಟ್ಟೆ ಒಡೆಯಬಾರದು. ಆ ಜಾಗ ಸಿಕ್ಕಿತೋ, ಅಲ್ಲೇ ಇಟ್ಟು ಮರೆತುಬಿಡು. ಊರಿನ ಅರ್ಧ ಜನ ಈ ಮೊಟ್ಟೆಯ ಮೇಲೆಯೇ ಕಲಿತು ಹೋಗಿದ್ದಾರೆ. ಗುಮಾಸ್ತನೊಬ್ಬ ಮಾತ್ರ ದಿನಾ ಬೆಳಿಗ್ಗೆ ಒಂದು ಬುಟ್ಟಿ ಮೊಟ್ಟೆ ಒಡೆದು ಹೋಗುತ್ತಾನೆ.

ಅಕ್ಕ ಕ್ಲಚ್ಚು ಬಿಟ್ಟಳು, ಗಾಡಿ ಹೊರಟಿತು. ಎರಡು ಮನೆ ದಾಟಿರಲಿಲ್ಲ, ಬಿಕ್ಕಳಿಕೆ ಬಂದವರ ಹಾಗೆ ಮುಗ್ಗರಿಸಿ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಕಾಲು ಅಲ್ಲಾಡಿಸಬೇಡ ಅಂದೆ. "ಅಲ್ಲಾಡಿಸ್ತಾ ಇಲ್ಲ" ಅಂದಳು. ಹಾಗಾದರೆ ಗಾಡಿ ಸುಮ್ಮನೆ ತಮಾಷೆಗೆ ನಿಲ್ಲುತ್ತದೆಯೇ? ಮೊದಲ ದಿನವಾದ್ದರಿಂದ ಅಷ್ಟಕ್ಕೇ ಬಿಟ್ಟೆ. ಹಿಂದಿರುಗುವಾಗ ನಾನೇ ಓಡಿಸಿದೆ, ಬೆಣ್ಣೆಯ ಹಾಗೆ ಬಂತು.

ಏಪ್ರಿಲ್ ೧೫, ಮಂಗಳವಾರ

ದಿನಾ ಅದೇ ರಾಮಾಯಣ. ಇವತ್ತು ಮಾರುಕಟ್ಟೆಯ ತಿರುವಿನಲ್ಲಿ ಗಾಡಿ ನಿಂತು, ಹಿಂದೆ ಗಾಡಿಗಳ ಸಾಲು ಹಚ್ಚಿಕೊಂಡಿತು. ಹಾರನ್ ಹೊಡೆತಕ್ಕೆ ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ನಿನ್ನ ಕಾಲು ಕಾಲಲ್ಲ, ಒನಕೆ ಅಂದೆ.

ಅಕ್ಕ ಎದುರುತ್ತರ ಕೊಡುವವಳಲ್ಲ. ಗಾಡಿ ಪಕ್ಕಕ್ಕೆ ಹಾಕಿ ಹೇಳಿದಳು, "ನೀನು ಹೇಳಿದ ಜಾಗದಲ್ಲೇ ಕಾಲು ಇಡ್ತೀನಿ ಪುಟ್ಟು. ಸರಿಯಾಗಿ ಅಲ್ಲೇ ಅದು ಉಸಿರು ಬಿಡುತ್ತೆ. ಒಂಚೂರು ಜಾಸ್ತಿ ಒತ್ತಿದ್ರೆ ಹೋಗುತ್ತೆ, ಒಂಚೂರು ಕಮ್ಮಿ ಮಾಡಿದ್ರೂ ಹೋಗುತ್ತೆ. ಗಾಡೀಲೇ ಏನೋ ಇದೆ ಅನ್ಸುತ್ತೆ, ನೋಡಿಸು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನೇ ಹೇಳಿದೆ, ಜೋರಾಗಿಯೇ. ಒಂದು ವಾರ ಸ್ಟಿಯರಿಂಗ್ ಹಿಡಿದವಳು ಎಂಜಿನ್ನಿನ ನಾಡಿ ನೋಡುತ್ತಾಳೆ. ಎದುರು ಬೀದಿಯಲ್ಲಿ ಇನ್ನೊಂದು ಸ್ಕೂಲು ತೆರೆದಿರುವ ಮೇಡಂ ಆಗಲೇ ಪಕ್ಕದಲ್ಲಿ ಹಾದುಹೋದಳು. ಅವಳ ಗಾಡಿಯ ಕಿಟಕಿಯಿಂದ "ಪರವಾಗಿಲ್ಲ, ಇನ್ನೊಂದ್ಸಲ ಮಾಡೋಣ" ಅನ್ನುವುದು ಕೇಳಿಸಿತು. ಕಲಿಯುವವರು ಏನು ಮಾಡಿದರೂ ಅವಳಿಗೆ ಪರವಾಗಿಲ್ಲ. ನಾನು ಅವಳಿಗೆ ಪರವಾಗಿಲ್ಲ ಮೇಡಂ ಎಂದೇ ಹೆಸರಿಟ್ಟಿದ್ದೇನೆ. ಹೊಗಳಿ ಹೊಗಳಿ ಗುಂಡಿಗೆ ಇಳಿಸುವ ಜಾತಿ.

ಏಪ್ರಿಲ್ ೨೪, ಗುರುವಾರ

ಅಕ್ಕನ ಟೆಸ್ಟು. ಫೇಲು.

ಇನ್‌ಸ್ಪೆಕ್ಟರಿಗೆ ಮೌನಿ ಎಂದು ನಾವಿಟ್ಟ ಹೆಸರು. ಮಾತಾಡಿದರೆ ಸಂಬಳ ಕಡಿಯುತ್ತಾರೋ ಏನೋ, ಪಕ್ಕದಲ್ಲಿ ಕೂತು ಬೆರಳಿನಲ್ಲಿ ದಾರಿ ತೋರಿಸುತ್ತಾರೆ, ಇಳಿದು ಹಾಳೆಯಲ್ಲಿ ಗೀಚುತ್ತಾರೆ. ಗಾಡಿ ನಮ್ಮದು, ಆದರೆ ಟೆಸ್ಟಿನ ಹೊತ್ತಿನಲ್ಲಿ ನಾವು ಬೇಲಿಯಾಚೆ ನಿಲ್ಲಬೇಕು. ಅಕ್ಕ ಎಂಟು ಹಾಕಿದಳು, ಒಂದು ಕಲ್ಲಿಗೂ ಚಕ್ರ ತಾಗಲಿಲ್ಲ. ದಿಬ್ಬ ಹತ್ತಿಸುವಾಗ ನಡುವೆ ನಿಲ್ಲಿಸಿ ಮತ್ತೆ ಹೊರಡಬೇಕು. ಹೊರಟಳು, ಗಾಡಿ ಕೆಮ್ಮಿತು, ನಿಂತಿತು. ಎಂಜಿನ್ ಆಫ್ ಆದರೆ ಮುಗಿಯಿತು.

ಅದರ ಬೆನ್ನಿಗೇ ಗುಮಾಸ್ತ ಅದೇ ಗಾಡಿಯಲ್ಲಿ, ಕಾಡುಹಂದಿಯ ಹಾಗೆ ಗುಟುರು ಹಾಕಿಸುತ್ತಾ ದಿಬ್ಬ ಹತ್ತಿ ಪಾಸಾದ. ಮೊಟ್ಟೆ ಒಡೆದವನಿಗೆ ಲೈಸೆನ್ಸು. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ ಅನ್ನುವವಳಿಗೆ ಸೊನ್ನೆ. ಇದರಿಂದಲೇ ತಿಳಿಯಬೇಕು, ಪಾಲಿಸುತ್ತೇನೆ ಅನ್ನುವುದೆಲ್ಲ ಬಾಯಿಮಾತು.

ಏಪ್ರಿಲ್ ೨೫, ಶುಕ್ರವಾರ

ಅಕ್ಕ ಇವತ್ತು ಬರುವುದಿಲ್ಲ ಅಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಹಟಕ್ಕೇನೂ ಕಡಿಮೆಯಿಲ್ಲ. ಗಾಡಿ ಇಡೀ ಪಾಠದಲ್ಲಿ ಮುಗ್ಗರಿಸುತ್ತಲೇ ಇತ್ತು, ನಾನು ಬೈಯುತ್ತಲೇ ಇದ್ದೆ.

ಮೇ ೨, ಶುಕ್ರವಾರ

ಮನೆಯವಳ ಕಾಟ ತಡೆಯಲಾರದೆ ಗಾಡಿಯನ್ನು ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಈ ಮೆಕ್ಯಾನಿಕ್ ಮೇಸ್ತ್ರಿಯ ಬಾಯಲ್ಲಿ ಏನು ಕೇಳಿದರೂ ಅರ್ಧ ಗಂಟೆ. ಪಂಕ್ಚರಿಗೂ ಅರ್ಧ ಗಂಟೆ, ಎಂಜಿನ್ ಇಳಿಸುವುದಕ್ಕೂ ಅರ್ಧ ಗಂಟೆ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಸಿಕ್ಕಿತು.

ಮೊದಲು ತಾನೇ ಒಂದು ಸುತ್ತು ಓಡಿಸಿದ. ಓಡಿಸುವುದೇನು, ಹಾರಿಸಿದ. "ಎಲ್ಲಿ ಮೇಷ್ಟ್ರೇ, ಕುದುರೆ ಇದ್ದಂಗಿದೆ" ಅಂದ. ಕಂಪ್ಯೂಟರ್ ಡಬ್ಬಿ ತಂದು ಸಿಕ್ಕಿಸಿದ. ದೋಷವಿದ್ದರೆ ಅದು ನಂಬರ್ ತೋರಿಸುತ್ತದಂತೆ. ಏನೂ ತೋರಿಸಲಿಲ್ಲ. ಬಂದ ಗಾಡಿಯನ್ನು ಬರಿಗೈಲಿ ಕಳಿಸಬಾರದೆಂದು ಪ್ಲಗ್ಗು ಬದಲಿಸಿದ, ಪೆಟ್ರೋಲ್ ಫಿಲ್ಟರ್ ಬದಲಿಸಿದ, ಯಾವುದೋ ನೊರೆ ಹೊಡೆದು ಗಾಳಿ ಹೋಗುವ ಜಾಗವನ್ನೆಲ್ಲ ತೊಳೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಾಯಿಲೆ ಇರುವುದು ಅಕ್ಕನ ಕಾಲಿನಲ್ಲಿ, ಬರೆ ನನ್ನ ಗಾಡಿಗೆ.

ನಾಳೆಯ ಪಾಠಕ್ಕೆ ಮೊದಲು ಅಕ್ಕನಿಗೆ ಹೇಳಬೇಕು: ಗಾಡಿ ನೋಡಿಸಿ ಆಯಿತು, ಇನ್ನು ನೆಪ ಇಲ್ಲ.

ಮೇ ೩, ಶನಿವಾರ

ಹೇಳಿದೆ. ಅಕ್ಕ ತಲೆಯಾಡಿಸಿದಳು. ಬಿಕ್ಕಳಿಕೆ ಹಾಗೇ ಇದೆ. ಈಗ ಅವಳ ಕಾಲು ನಡುಗಲೂ ಶುರು ಮಾಡಿದೆ, ಮೊದಲು ಅದಿರಲಿಲ್ಲ. ಅದಕ್ಕೂ ಬೈದೆ.

ಮೇ ೮, ಗುರುವಾರ

ಮತ್ತೆ ಫೇಲು. ಅದೇ ದಿಬ್ಬ, ಅದೇ ಜಾಗ.

ವಾಪಸು ಬರುವಾಗ ಅಕ್ಕ ಮುಂದೆ ಕೂರಲಿಲ್ಲ. ಹಿಂದಿನ ಸೀಟಿನ ಮೂಲೆಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿ ನೋಡುತ್ತಾ ಕೂತಳು. ನಾನು ಎಂದಿನಂತೆ ಶುರು ಮಾಡಿದೆ: ಒಂದು ಗಾಡಿ ದಿಬ್ಬ ಹತ್ತಿಸಲಾರದವಳು ಮಕ್ಕಳನ್ನು ತುಂಬಿಕೊಂಡು ಹೋಗುತ್ತಾಳಂತೆ, ನಿನ್ನ ಕಾಲಿಗೆ ಇದು ಬರುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಅಕ್ಕ ಮನೆಯ ಮುಂದೆ ಇಳಿದು, "ಬರ್ತೀನಿ" ಅಂತಲೂ ಹೇಳದೆ ಒಳಗೆ ಹೋದಳು. ಭಾವ ಬಾಗಿಲಲ್ಲಿ ನಿಂತು, ಯಾರು ಬಂದರೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ಅಂತ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದರೋ.

ಮುಂದಿನ ಟೆಸ್ಟು ಇಪ್ಪತ್ತೆರಡಕ್ಕೆ. ಶಾಲೆ ತೆರೆಯುವುದರೊಳಗೆ ಅದೇ ಕೊನೆಯದು.

ಮೇ ೧೧, ಭಾನುವಾರ

ಎರಡು ದಿನದಿಂದ ಅಕ್ಕ ಪಾಠಕ್ಕೆ ಬಂದಿಲ್ಲ. ಒಳ್ಳೆಯದಾಯಿತು, ಕಿವಿಗೆ ವಿಶ್ರಾಂತಿ ಅಂದೆ. ಮನೆಯವಳು ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಲ್ಲಾ ರೀ, ನೀವು ಓಡಿಸಿದ್ರೆ ನಿಲ್ಲಲ್ಲ, ಮೇಸ್ತ್ರಿ ಓಡಿಸಿದ್ರೆ ನಿಲ್ಲಲ್ಲ, ಅತ್ತಿಗೆ ಓಡಿಸಿದ್ರೆ ಮಾತ್ರ ನಿಲ್ಲುತ್ತೆ. ಹಾಗಿದ್ರೆ ಅತ್ತಿಗೇನೇ ಅಲ್ವಾ ಗ್ಯಾರೇಜಿಗೆ ಕರ್ಕೊಂಡು ಹೋಗ್ಬೇಕಾದ್ದು? ಹಲ್ಲುನೋವು ಇರೋರನ್ನ ಮನೇಲಿ ಬಿಟ್ಟು, ನೀವು ಹೋಗಿ ಡಾಕ್ಟರ್ ಮುಂದೆ ಬಾಯಿ ತೆರೆದು ಕೂತ್ರೆ ಆಗುತ್ತಾ?"

ನಲವತ್ತು ಜನ ಮೆಕ್ಯಾನಿಕ್‌ಗಳಿಗೆ ಬುದ್ಧಿ ಹೇಳುವಷ್ಟು ತಲೆ ಇದೆ ಇವಳಿಗೆ, ಗ್ಯಾಸ್ ಸ್ಟೌ ಹಚ್ಚಲು ಮಾತ್ರ ನನ್ನನ್ನು ಕರೆಯುತ್ತಾಳೆ. ಅಕ್ಕನ ಮನೆಗೆ ನಾನಂತೂ ಹೋಗುವುದಿಲ್ಲ ಅಂದೆ. ಆಮೇಲೆ ಹೋದೆ.

ಮೇ ೧೨, ಸೋಮವಾರ

ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಅಕ್ಕ ಓಡಿಸಿದಳು. ನಾನು ಪಕ್ಕದಲ್ಲಿ. ಮೇಸ್ತ್ರಿ ಹಿಂದಿನ ಸೀಟಿನಲ್ಲಿ, ಮುಂದಿನ ಎರಡು ಸೀಟಿನ ನಡುವೆ ತಲೆ ತೂರಿಸಿಕೊಂಡು. ಗ್ಯಾರೇಜಿನ ಬೀದಿ ದಾಟುವ ಮೊದಲೇ ಗಾಡಿ ಬಿಕ್ಕಿತು. ಮೇಸ್ತ್ರಿ ನಗುವುದು ಬಿಟ್ಟ. "ಅಮ್ಮಾ, ಇನ್ನೊಂದ್ಸಲ ಹೋಗಿ. ಕಾಲು ಅಲ್ಲೇ ಇರಲಿ" ಅಂದ. ಅಕ್ಕ ಹೋದಳು. ಅವನು ರಸ್ತೆ ನೋಡಲಿಲ್ಲ, ಬಗ್ಗಿ ಅವಳ ಪಾದವನ್ನೇ ನೋಡುತ್ತಿದ್ದ. ಗಾಡಿ ಮತ್ತೆ ಮುಗ್ಗರಿಸಿ ನಿಂತಿತು.

"ಮೇಷ್ಟ್ರೇ, ಕಾಲು ಅಲ್ಲಾಡ್ಲೇ ಇಲ್ಲ" ಅಂದ.

ಸರಿಯಾಗಿ ನೋಡು ಅಂದೆ.

"ನೋಡ್ದೆ. ಇವರು ಕಾಲು ತೆಗೆದ್ರು ಅಂದ್ಕೊಂಡು ಎಂಜಿನ್ ಪೆಟ್ರೋಲ್ ನಿಲ್ಸುತ್ತೆ. ಇವರು ತೆಗೆದಿಲ್ಲ. ಯಾರೋ ಅದಕ್ಕೆ ಸುಳ್ಳು ಹೇಳ್ತಿದಾರೆ."

ಗ್ಯಾರೇಜಿಗೆ ಬಂದು ಬಾನೆಟ್ ಎತ್ತಿದ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿಗೆ ಗಾಳಿ ಬಿಡುವ ಒಂದು ಬಾಗಿಲು ತೆರೆಯುತ್ತದೆ. ಅದು ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಲು ಪಕ್ಕದಲ್ಲಿ ಒಂದು ಕರಿ ಡಬ್ಬಿ, ಬೆಂಕಿಪೊಟ್ಟಣದ ಗಾತ್ರದ್ದು. ಥ್ರಾಟಲ್ ಸೆನ್ಸರ್ ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾನು ಅದರ ಮುಖ ನೋಡಿರಲಿಲ್ಲ. ಹೊಸ ಮೀಟರಿನಲ್ಲಿ ನೋಡಿದರೆ ಅಂಕಿಗಳು ಸುಮ್ಮನೆ ಕುಣಿದವು, ಏನೂ ತಿಳಿಯಲಿಲ್ಲ. ಡ್ರಾಯರಿನಿಂದ ಮುಳ್ಳಿರುವ ಹಳೆಯ ಮೀಟರ್ ತೆಗೆದ. ಎಂಜಿನ್ ಶುರು ಮಾಡದೆ ಬರೀ ಕೀ ತಿರುಗಿಸಿಟ್ಟು, ಆ ಬಾಗಿಲನ್ನು ಹೆಬ್ಬೆರಳಿನಲ್ಲಿ ನಿಧಾನಕ್ಕೆ ತೆರೆದ. ಮುಳ್ಳು ಮೇಲೆ ಹೋಯಿತು, ಹೋಯಿತು, ಒಂದು ಕಡೆ ದಬಕ್ಕನೆ ಕೆಳಗೆ ಬಿತ್ತು, ಮತ್ತೆ ಎದ್ದು ಮೇಲೆ ಹೋಯಿತು. ಇನ್ನೊಂದು ಸಲ. ಅದೇ ಜಾಗದಲ್ಲಿ ಬಿತ್ತು. ಬೇಗ ತೆರೆದರೆ ಬೀಳುವುದು ಕಾಣಿಸುವುದೇ ಇಲ್ಲ.

"ಇದರೊಳಗೆ ಒಂದು ಕರಿ ಪಟ್ಟಿ ಇರುತ್ತೆ, ಅದರ ಮೇಲೆ ಸಣ್ಣ ಕಡ್ಡಿ ಉಜ್ಜಿಕೊಂಡು ಓಡಾಡುತ್ತೆ. ಒಂದು ಕಡೆ ಪಟ್ಟಿ ಪೂರ್ತಿ ಸವೆದಿದೆ" ಅಂದ ಮೇಸ್ತ್ರಿ. "ನಾನೂ ನೀವೂ ತುಳಿದು ಓಡಿಸೋರು, ಆ ಜಾಗ ದಾಟಿ ಹೋಗಿಬಿಡ್ತೀವಿ. ಉಳಿದ ಕಲಿಯೋರ ಕಾಲು ಅಲ್ಲೇ ಹಿಂದೆಮುಂದೆ ಆಡ್ತಿರುತ್ತೆ. ಈ ಅಮ್ಮ ಮಾತ್ರ ಸರಿಯಾಗಿ ಅಲ್ಲೇ ನಿಲ್ಸ್ತಾರೆ. ಏನ್ ಮೇಷ್ಟ್ರೇ, ನಿಮ್ಮ ಹತ್ರ ಕಲಿಯೋರೆಲ್ಲ ಒಂದೇ ಜಾಗದಲ್ಲಿ ಕಾಲು ಇಡ್ತಾರಾ? ಹಿಂಗೆ ಒಂದೇ ಕಡೆ ಸವೆದದ್ದು ನಾನು ಬೇರೆ ಯಾವ ಗಾಡೀಲೂ ನೋಡಿಲ್ಲ."

ಸರಿಯಾಗಿ ಕಲಿಸಿದರೆ ಹಾಗೇ ಇಡುತ್ತಾರೆ ಅಂದೆ. ಅಕ್ಕ ನನ್ನ ಮುಖ ನೋಡಿದಳು. ಚೀಲ ತೆಗೆದುಕೊಂಡು, ಮಿಷನ್ ಮೇಲೆ ಕೆಲಸ ಬಿಟ್ಟು ಬಂದಿದ್ದೇನೆ ಅಂತ ಹೊರಟುಹೋದಳು.

ಹೊಸ ಸೆನ್ಸರ್ ತರಿಸಲು ಎಷ್ಟು ದಿನ ಬೇಕು ಅಂದರೆ ಮೇಸ್ತ್ರಿ ಅರ್ಧ ಗಂಟೆ ಅನ್ನಲಿಲ್ಲ. ಮೂರು-ನಾಲ್ಕು ದಿನ ಅಂದ.

ಮೇ ೧೩, ಮಂಗಳವಾರ

ಕಲಿಯುವವರಿಗೆಲ್ಲ ರಜ ಕೊಟ್ಟೆ. ಗಾಡಿ ಇಲ್ಲದೆ ಸ್ಕೂಲಿನಲ್ಲಿ ಕೂತರೆ ಗೋಡೆಯ ಮೇಲಿನ ಹಲ್ಲಿಯೂ ನನ್ನನ್ನು ನೋಡಿ ನಗುವ ಹಾಗೆ ಕಾಣುತ್ತದೆ. ಕಂಪ್ಯೂಟರಿಗೇ ಗೊತ್ತಾಗದ್ದು ನನಗೆ ಹೇಗೆ ಗೊತ್ತಾಗಬೇಕಿತ್ತು? ಮನೆಯವಳಿಗೂ ಅದನ್ನೇ ಹೇಳಿದೆ. "ಅತ್ತಿಗೆಗೆ ಗೊತ್ತಾಗಿತ್ತಲ್ಲ" ಅಂದಳು. ಇವತ್ತು ರಕ್ತದೊತ್ತಡ ಹೆಚ್ಚಿದ್ದರೆ ಅದಕ್ಕೆ ಅವಳೇ ಹೊಣೆ.

ಮೇ ೧೬, ಶುಕ್ರವಾರ

ಹೊಸದು ಬಂತು, ಹಾಕಿಸಿದೆ. ನಾನೇ ಬರಿಗಾಲಲ್ಲಿ, ಮೊಟ್ಟೆಯ ಜಾಗದಲ್ಲಿ ಇಟ್ಟು ಓಡಿಸಿ ನೋಡಿದೆ. ಎಲ್ಲೂ ನಿಲ್ಲಲಿಲ್ಲ. ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಸೀದಾ ಅಕ್ಕನ ಮನೆಗೆ ಹೋದೆ.

ಅಕ್ಕ ಅಂಗಿಯ ತೋಳು ಹೊಲಿಯುತ್ತಿದ್ದಳು. ಎದುರಿಗೆ ಭಾವ ಕೂತು ದಾರದ ಉಂಡೆ ಹಿಡಿದಿದ್ದರು. ಏಳು, ಗಾಡಿ ಸರಿಯಾಗಿದೆ, ಇನ್ನು ಒಂದು ವಾರವೂ ಇಲ್ಲ ಅಂದೆ. ಅಕ್ಕ ತಲೆ ಎತ್ತಲಿಲ್ಲ.

"ನಾನು ಬರಲ್ಲ ಪುಟ್ಟು. ವ್ಯಾನು ಮಾರೋಣ ಅಂತ ಮಾತಾಡ್ಕೊಂಡಿದೀವಿ."

ದೋಷ ಗಾಡಿಯದ್ದು ಅಂತ ನಿನ್ನ ಕಣ್ಣೆದುರಿಗೇ ಗೊತ್ತಾಯಿತಲ್ಲ ಅಂದೆ.

"ಮುಳ್ಳು ಬಿದ್ದದ್ದು ನೋಡಿದೆ. ಅದು ಬಿದ್ರೆ ಗಾಡಿ ನಿಲ್ಲುತ್ತೆ ಅಂತ ಮೇಸ್ತ್ರಿ ಹೇಳಿದ. ನನ್ನ ಕಾಲಿಗೆ ಬರಲ್ಲ ಅಂತ ನೀನು ದಿನಾ ಹೇಳಿದೆ. ಊರಿಗೆಲ್ಲ ಕಲಿಸೋನು ನೀನು. ಯಾರ ಮಾತು ನಂಬಲಿ?" ಮಿಷನ್ ನಿಲ್ಲಿಸಿ ಕಾಲು ಚಾಚಿ ತೋರಿಸಿದಳು. "ನೋಡು. ಕಾರಿನ ಹೆಸರು ಎತ್ತಿದ್ರೆ ನಡುಗುತ್ತೆ."

ನಿಜವಾಗಿಯೂ ನಡುಗುತ್ತಿತ್ತು. ಜೇಬಿನಿಂದ ಹಳೆಯ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. "ಇದರೊಳಗೆ ಏನಿದೆ ಅಂತ ನಂಗೇನು ಕಾಣುತ್ತೆ?" ಅಂತ ವಾಪಸು ಕೊಟ್ಟಳು. ಕಣ್ಣು ಸೋತ ಭಾವನಾದರೂ ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು. ಅವರು ದಾರ ಸುತ್ತುತ್ತಿದ್ದರು.

ಬೈದದ್ದನ್ನೆಲ್ಲ ಗಂಟುಕಟ್ಟಿ ಇಟ್ಟುಕೊಳ್ಳುತ್ತಾರೆ ಜನ. ಸರಿಯಾಗಿ ಹೇಳಿದ ಮಾತು ಮಾತ್ರ ಗಾಳಿಗೆ ಹೋಗುತ್ತದೆ.

ಮೇ ೧೭, ಶನಿವಾರ

ಇವತ್ತು ಮಾಡಿದ್ದನ್ನು ಬರೆಯಲು ನಾಚಿಕೆ. ಆದರೆ ಪುಸ್ತಕ ಇರುವುದೇ ಅದಕ್ಕೆ.

ಬೆಳಿಗ್ಗೆ ಗ್ಯಾರೇಜಿಗೆ ಹೋಗಿ, ಹೊಸದು ತೆಗೆದು ಹಳೆಯದನ್ನೇ ಹಾಕು ಅಂದೆ. ಮೇಸ್ತ್ರಿ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. "ಒಳ್ಳೇದು ತೆಗೆದು ಕೆಟ್ಟದ್ದು ಹಾಕು ಅಂದ ಗಿರಾಕಿ ನೀವೇ ಮೊದಲು" ಅಂದ. ಹಾಕಿಕೊಟ್ಟ.

ಅಕ್ಕನ ಮನೆಗೆ ಹೋಗಿ, ನೀನು ಓಡಿಸಬೇಡ, ಪಕ್ಕದಲ್ಲಿ ಕೂರು ಸಾಕು ಅಂದೆ. ಭಾವನ ಬಾಯಲ್ಲೂ ಹೇಳಿಸಿದೆ. ಮುಖ ಗಂಟು ಹಾಕಿಕೊಂಡೇ ಕೂತಳು. ಚಪ್ಪಲಿ ಕಳಚಿದೆ. ಅವಳ ಹಾಗೇ ಬರಿಗಾಲು ಇಟ್ಟೆ, ಮೊಟ್ಟೆ ಒಡೆಯದ ಹಾಗೆ, ಅವಳಷ್ಟೇ ನಿಧಾನ. ದೊಡ್ಡ ರಸ್ತೆಗೆ ಹೋದೆ, ಸಂತೆಯ ಜನವೆಲ್ಲ ಇರುವ ಹೊತ್ತಿಗೆ. ಬಾಗಿಲ ಮೇಲೆ ನನ್ನ ಸ್ಕೂಲಿನ ಹೆಸರು, ಒಂದು ಮೊಳ ಉದ್ದದ ಅಕ್ಷರ.

ಔಷಧಿ ಅಂಗಡಿಯ ಮುಂದೆ ನಿಂತಿತು. ಹಿಂದಿನವನು ಹಾರನ್ ಹೊಡೆದ. ಅಕ್ಕ, "ಬೇಕಂತ ಮಾಡ್ತಿದೀಯ" ಅಂದಳು. ಹೊರಟೆ. ಪರವಾಗಿಲ್ಲ ಮೇಡಂ ಸ್ಕೂಲಿನ ಎದುರಿಗೇ ಮತ್ತೆ ನಿಂತಿತು. ಅವಳ ಕಲಿಯುವವರೆಲ್ಲ ಮೆಟ್ಟಿಲಿಗೆ ಬಂದು ನೋಡಿದರು. ಒಬ್ಬ ಆಟೋದವನು ತಲೆ ಹೊರಗೆ ಹಾಕಿ, "ಯಾರು ಸ್ವಾಮಿ ನಿಮಗೆ ಲೈಸೆನ್ಸ್ ಕೊಟ್ಟಿದ್ದು?" ಅಂದ. ಪಾಸಾದ ಗುಮಾಸ್ತ ತನ್ನ ಗಾಡಿಯಲ್ಲಿ ಗುಟುರು ಹಾಕಿಸುತ್ತಾ ಪಕ್ಕದಲ್ಲೇ ಹೋದ, ಮರ್ಯಾದೆಗೆ ನೋಡದವನ ಹಾಗೆ ಮಾಡಿದ.

"ನಾಟಕ ಆಡ್ಬೇಡ ಪುಟ್ಟು. ನೀನೇ ಕಾಲು ತೆಗೀತಿದೀಯ" ಅಂದಳು ಅಕ್ಕ.

ಹಾಗಾದರೆ ಹಿಡಿದು ನೋಡು ಅಂದೆ.

ಅವಳು ಸೀಟಿನಿಂದ ಬಗ್ಗಿ, ಎರಡೂ ಕೈಯಲ್ಲಿ ನನ್ನ ಪಾದ ಹಿಡಿದಳು. ನಾನು ಮತ್ತೆ ಹೊರಟೆ. ನಡುರಸ್ತೆಯಲ್ಲಿ ಒಬ್ಬ ಗಂಡಸು ಕಾರು ಓಡಿಸುತ್ತಿದ್ದಾನೆ, ಅವನ ಅಕ್ಕ ಅವನ ಕಾಲು ಹಿಡಿದುಕೊಂಡಿದ್ದಾಳೆ. ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ನೋಡಿದವರು ಬೇಕಾದಷ್ಟು ಜನ ಇದ್ದರು. ಸಿಗ್ನಲ್ ದಾಟುವ ಹೊತ್ತಿಗೆ, ಅವಳ ಕೈಯೊಳಗೆ ನನ್ನ ಕಾಲು ಕೂದಲೆಳೆಯಷ್ಟೂ ಅಲುಗದೆ ಇರುವಾಗ, ಗಾಡಿ ಬಿಕ್ಕಿತು, ಎರಡು ಸಲ ತಲೆ ಆಡಿಸಿತು, ನಿಂತುಹೋಯಿತು.

ಅಕ್ಕ ಹಾಗೇ ಬಗ್ಗಿಕೊಂಡಿದ್ದಳು. ಪಾದ ಬಿಡಲಿಲ್ಲ. ಅವಳ ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದಾಳೆ ಅಂದುಕೊಂಡೆ. ಎದ್ದಾಗ ನೋಡಿದರೆ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಸುತ್ತಲೂ ಹಾರನ್. ಸಿಗ್ನಲ್ಲಿನ ಪೊಲೀಸ್ ನನ್ನ ಕಡೆಗೇ ಬರುತ್ತಿದ್ದ.

"ಇಳಿ. ಆ ಕಡೆ ಬಾ, ನಾನು ತೆಗೀತೀನಿ" ಅಂದಳು. ಜಾಗ ಬದಲಿಸಿದೆವು. ಅವಳು ಕಾಲನ್ನು ಸ್ವಲ್ಪ ಮುಂದೆ ಒತ್ತಿ, ಆ ಸವೆದ ಜಾಗವನ್ನು ದಾಟಿಸಿ, ಪೊಲೀಸನ ಪಕ್ಕದಿಂದಲೇ ಗಾಡಿ ತೆಗೆದುಕೊಂಡು ಹೋದಳು. ಸೀದಾ ಗ್ಯಾರೇಜಿಗೆ ಹೋಗಿ ಹೊಸದನ್ನು ಹಾಕಿಸಿದೆವು.

ಮರ್ಯಾದೆ ಹೋದದ್ದು ಹೋಯಿತು. ಆ ಆಟೋದವನ ನಂಬರ್ ಬರೆದಿಟ್ಟುಕೊಂಡಿದ್ದೇನೆ.

ಮೇ ೧೯, ಸೋಮವಾರ

ಅಕ್ಕ ದಿಬ್ಬ ಹತ್ತಿಸಿದಳು. ಇಳಿಸಿ ಮತ್ತೆ ಹತ್ತಿಸಿದಳು. ಇವತ್ತು ಬರೆಯಲು ಏನೂ ಇಲ್ಲ.

ಮೇ ೨೦, ಮಂಗಳವಾರ

ಏನೂ ಇಲ್ಲ. ಮನೆಯವಳು ಪುಸ್ತಕ ಇಣುಕಿ ನೋಡಿ, ಮೈ ಹುಷಾರಿಲ್ಲವೇ ಅಂತ ಕೇಳಿದಳು.

ಮೇ ೨೨, ಗುರುವಾರ

ಎಂಟು ಹಾಕಿದಳು. ದಿಬ್ಬಕ್ಕೆ ಬಂದಳು, ನಡುವೆ ನಿಲ್ಲಿಸಿದಳು. ಬೇಲಿಯಾಚೆ ನಿಂತು ನಾನೂ ಬಲಗಾಲನ್ನು ನೆಲಕ್ಕೆ ಮೆಲ್ಲಗೆ ಒತ್ತಿದೆ. ಗಾಡಿ ಒಂದು ಬೆರಳಿನಷ್ಟೂ ಹಿಂದೆ ಜಾರದೆ ಮೇಲೆ ಹೋಯಿತು. ಮೌನಿ ಇಳಿದು, ಹಾಳೆಯಲ್ಲಿ ಗೀಚಿ, "ಪಾಸ್" ಅಂದರು. ಆ ಮನುಷ್ಯನ ಧ್ವನಿ ಅಷ್ಟು ಸಣ್ಣದು ಅಂತ ಇವತ್ತು ಗೊತ್ತಾಯಿತು.

ನಾನು ಹಲ್ಲು ಬಿಟ್ಟುಕೊಂಡು ಹತ್ತಿರ ಹೋದೆ. "ನೋಡಿದ್ಯಾ, ಯಾರ ಶಿಷ್ಯೆ?" ಅಂದೆ.

ಅಕ್ಕ ಗಾಡಿಯ ಬಾಗಿಲು ಹಿಡಿದು ನಿಂತಿದ್ದಳು. ಮುಖದಲ್ಲಿ ನಗು ಇರಲಿಲ್ಲ.

"ಪಾಸಾಗೋ ತನಕ ಬಾಯಿ ಮುಚ್ಕೊಂಡಿದ್ದೆ. ಈಗ ಕೇಳು" ಅಂದಳು. ಕೂಗಲಿಲ್ಲ, ಆದರೆ ಸುತ್ತ ಇದ್ದವರಿಗೆಲ್ಲ ಕೇಳಿಸುತ್ತಿತ್ತು. "ಗಾಡಿ ನಿಲ್ಲುತ್ತೆ ಅಂತ ಮೊದಲೇ ಹೇಳ್ದೆ. ನೀನು ಗಾದೆ ಹೇಳ್ದೆ. ದಿನಾ ಮನೆಗೆ ಹೋದ್ರೆ ನಂಗೆ ಅನ್ನ ಇಳೀತಿರ್ಲಿಲ್ಲ. ನಿಮ್ಮ ಭಾವಂಗೆ ನನ್ನ ಮುಖ ಕಾಣಲ್ಲ, ಆದ್ರೂ ನಾನು ಅಳೋದು ಗೊತ್ತಾಗಿ, ವ್ಯಾನೇ ಬೇಡ ಬಿಡು ಅಂದ್ರು. ಅವರ ಬಾಯಲ್ಲಿ ಆ ಮಾತು ಬರೋ ಹಾಗೆ ಮಾಡ್ದೆ ನೀನು. ಅಮ್ಮ ಕೆಲಸಕ್ಕೆ ಹೋಗ್ತಿದ್ಲು, ನಿಂಗೆ ನಡೆಯೋಕೆ ಕಲಿಸಿದ್ದು ನಾನು. ಎಷ್ಟು ಸಲ ಬಿದ್ದಿದೀಯ. ಒಂದು ದಿನ ನಿನ್ನ ಕಾಲು ಸರಿಯಿಲ್ಲ ಅಂತ ಅಂದಿದೀನಾ?"

ಪರವಾಗಿಲ್ಲ ಮೇಡಂ ಸ್ವಲ್ಪ ದೂರದಲ್ಲಿ ನಿಂತಿದ್ದಳು, ಅವಳೂ ಪರವಾಗಿಲ್ಲ ಅನ್ನಲಿಲ್ಲ.

ಅಕ್ಕ ಗಾಡಿ ಹತ್ತಿದಳು. ನಾನು ಆ ಕಡೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಹೊರಟಳು. ನನ್ನ ಗಾಡಿ, ಬಾಗಿಲ ಮೇಲೆ ನನ್ನ ಸ್ಕೂಲಿನ ಹೆಸರು, ಒಳಗೆ ಅವಳೊಬ್ಬಳೇ. ಮೈದಾನದ ಗೇಟಿನ ಹತ್ತಿರ ನಿಧಾನ ಮಾಡಿದಳು. ನನ್ನನ್ನು ಹತ್ತಿಸಿಕೊಳ್ಳಲು ಇರಬೇಕೆಂದು ನಾಲ್ಕು ಹೆಜ್ಜೆ ಓಡಿದೆ. ಅದಕ್ಕಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಸಿಗ್ನಲ್ ಹಾಕಿ ರಸ್ತೆಗೆ ಇಳಿದಳು. ಹೇಗೆ ಹೋಗಬೇಕೋ ಹಾಗೆ ಹೋದಳು.

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಗಾಡಿ ಕಣ್ಣಿಗೆ ಮರೆಯಾಗುವವರೆಗೆ ಗೇಟಿನಲ್ಲೇ ನಿಂತಿದ್ದೆ. ಆಮೇಲೆ ಬಸ್ಸು ಹಿಡಿದು ಮನೆಗೆ ಬಂದೆ.